ಟೇಪು ಹಿಡಿದು ಲಾರಿ ಕೊಂಡದ್ದು

ನಮ್ಮ ಯಜಮಾನರು ಇಪ್ಪತ್ತೆರಡು ವರ್ಷ ಬೇರೆಯವರ ಲಾರಿ ಓಡಿಸಿದರು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಕೆಲಸ. ಅಲ್ಲಿ ಅರ್ಜೆಂಟ್ ಲೋಡುಗಳದ್ದೇ ಕಾರುಬಾರು. ಎಲ್ಲೋ ಒಂದು ಫ್ಯಾಕ್ಟರಿಯಲ್ಲಿ ಗೇರ್‌ಬಾಕ್ಸ್ ಕೆಟ್ಟು ಇಡೀ ಲೈನು ನಿಂತುಬಿಟ್ಟಿರುತ್ತದೆ. ಅದಕ್ಕೆ ಬೇಕಾದ ಭಾಗ ಪೀಣ್ಯದ ಯಾವುದೋ ಶೆಡ್ಡಿನಲ್ಲಿ ತಯಾರಾಗಿ ಕೂತಿರುತ್ತದೆ. ಲಾರಿ ತುಂಬುವವರೆಗೆ ಕಾಯುವಂತಿಲ್ಲ. ಆ ಒಂದೇ ಪೆಟ್ಟಿಗೆಯನ್ನು ಹೇರಿಕೊಂಡು ಹೊಸೂರಿಗೋ ಚೆನ್ನೈಗೋ ಹುಬ್ಬಳ್ಳಿಗೋ ನೆಟ್ಟಗೆ ಹೋಗಿ ಮುಟ್ಟಿಸಬೇಕು. "ನಾವು ಆಂಬುಲೆನ್ಸ್ ಡ್ರೈವರ್‌ಗಳು ಕಣೇ, ಪೇಷೆಂಟು ಕಬ್ಬಿಣದ್ದು ಅಷ್ಟೇ" ಎಂದು ಇವರು ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದರು.

ನಾನು ಗಾರ್ಮೆಂಟ್ಸ್‌ನಲ್ಲಿದ್ದೆ. ಹೊಲಿದು ಬಂದ ಶರ್ಟುಗಳ ಕಾಲರು, ಎದೆ, ತೋಳು ಅಳೆದು, ಸರಿಯಿದ್ದದ್ದನ್ನು ಮುಂದಕ್ಕೆ ಕಳಿಸಿ, ತಪ್ಪಿದ್ದದ್ದನ್ನು ಹಿಂದಕ್ಕೆ ಹಾಕುವ ಕೆಲಸ. ಹದಿನೇಳು ವರ್ಷ ನನ್ನ ಕೊರಳಲ್ಲಿ ತಾಳಿಯ ಜೊತೆಗೆ ಒಂದು ಟೇಪೂ ಇತ್ತು. ಟಿ. ದಾಸರಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬಳೇ ಮಗಳು ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು.

ಇವರ ಓನರಿಗೆ ವಯಸ್ಸಾಯಿತು. ಕಚೇರಿ ಮುಚ್ಚುತ್ತೇನೆ, ಗಾಡಿಗಳನ್ನು ಮಾರುತ್ತೇನೆ ಎಂದರು. ಆ ಸಂಜೆ ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ನಾವೇ ಒಂದು ಗಾಡಿ ತಗಳಾಣ" ಎಂದರು. ಅಷ್ಟು ವರ್ಷ ಇವರನ್ನೇ ಕೇಳಿಕೊಂಡು ಫೋನು ಮಾಡುತ್ತಿದ್ದ ನಾಲ್ಕೈದು ಫ್ಯಾಕ್ಟರಿಗಳಿದ್ದವು. ಅವರೆಲ್ಲ ಲೋಡು ಕೊಡುತ್ತೇವೆ ಎಂದಿದ್ದರಂತೆ. ನಾನು ಬೇಡ ಎನ್ನಲಿಲ್ಲ. ಆ ಮುಖದಲ್ಲಿ ಅಷ್ಟು ಬೆಳಕನ್ನು ಮಗಳು ಹುಟ್ಟಿದ ದಿನ ಬಿಟ್ಟರೆ ನಾನು ನೋಡಿದ್ದು ಅವತ್ತೇ.

ಮುಂದಿನ ವಾರ ನಾಗಸಂದ್ರದ ಹತ್ತಿರದ ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಕಾಗದವೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಓದಿ ಹೇಳು ಎಂಬುದಷ್ಟೇ ನನ್ನ ಪಾತ್ರ. ಇವರು ಏಳನೇ ಕ್ಲಾಸಿಗೆ ಬಿಟ್ಟವರು, ನಾನು ಪಿಯುಸಿ ಮುಗಿಸಿದವಳು. ಅಲ್ಲಿ ಒಬ್ಬ ಸೇಲ್ಸ್‌ನವರು ಇವರ ಕೈ ಕುಲುಕಿದರು, ನನಗೆ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು.

ಇವರ ಕಣ್ಣು ಇಪ್ಪತ್ತಡಿಯ ದೊಡ್ಡ ಗಾಡಿಯ ಮೇಲಿತ್ತು. ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿನ ಮೇಲೆ ಅಂಗೈ ಇಟ್ಟು ನಿಂತರು. ನಾನು ಕೈಯಲ್ಲಿದ್ದ ಕಾಗದ ಓದಿದೆ. ಬಾಡಿಯ ಉದ್ದ ಇಷ್ಟು, ಅಗಲ ಇಷ್ಟು ಎಂದು ಬರೆದಿತ್ತು. ಅದು ಒಳಗಿನ ಅಳತೆಯೋ ಹೊರಗಿನದೋ ಗೊತ್ತಾಗಲಿಲ್ಲ.

"ಇದು ಒಳಗಡೆ ಅಳತೆನಾ ಸಾರ್?" ಎಂದು ಕೇಳಿದೆ.

"ಎಲ್ಲಾ ಸ್ಟ್ಯಾಂಡರ್ಡ್ ಮೇಡಂ" ಎಂದು ಅವರು ಇವರ ಕಡೆಗೇ ನೋಡಿಕೊಂಡು ಹೇಳಿದರು.

ಬ್ಯಾಗಿನಲ್ಲಿ ಟೇಪು ಇತ್ತು. ತೆಗೆದೆ. ಹಿಂದಿನ ಬಾಗಿಲ ಅಗಲ ಹಿಡಿದೆ, ಒಳಗಿನ ಅಗಲವನ್ನೂ ಹಿಡಿದೆ. ಗಾಡಿಯೊಳಗಿನ ಅಗಲಕ್ಕಿಂತ ಬಾಗಿಲ ಬಾಯಿ ನಾಲ್ಕು ಬೆರಳು ಕಿರಿದಿತ್ತು, ಚೌಕಟ್ಟು ಒಳಕ್ಕೆ ಬಂದಿದ್ದರಿಂದ. ಶೋರೂಮಿನ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಇವರಿಗೆ ಮುಜುಗರವಾಯಿತು. ಹೊರಗೆ ಬಂದ ಮೇಲೆ ಮೆಟ್ರೋ ಕಂಬದ ನೆರಳಿನಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದರು.

"ಲಾರಿನ ಶರ್ಟ್ ಅಂದ್ಕಂಡ್ಯಾ?"

"ಶರ್ಟಿಗೂ ಅಷ್ಟೇ ಕಣ್ರೀ. ಪಟ್ಟಿ ಮೇಲೆ ನಲವತ್ತು ಅಂತ ಇರುತ್ತೆ, ಅಳೆದ್ರೆ ಮೂವತ್ತೊಂಬತ್ತು. ಅಳೀದೆ ನಾನ್ ಯಾವತ್ತೂ ಮುಂದಕ್ ಕಳಿಸಿಲ್ಲ."

ಮನೆಯಲ್ಲಿ ನಾಲ್ಕು ದಿನ ಇದೇ ಮಾತು: ಅವರಿಗೆ ಇಪ್ಪತ್ತಡಿಯದೇ ಬೇಕು, ನನಗೆ ಅದರ ಪಕ್ಕದಲ್ಲಿದ್ದ ಹದಿನಾಲ್ಕಡಿಯದು ಸಾಕು. ಅವರ ವಾದ ಸರಳವಾಗಿತ್ತು. "ದೊಡ್ಡದ್ರಲ್ಲಿ ಸಣ್ಣ ಲೋಡೂ ಓಯ್ತದೆ. ಸಣ್ಣದ್ರಲ್ಲಿ ದೊಡ್ಡದು ಎಲ್ಲೋಯ್ತದೆ?"

"ನಲವತ್ನಾಲ್ಕರ ಶರ್ಟು ನಿಮಗೂ ಆಗುತ್ತೆ. ಹಾಕ್ಕೊಂಡು ಕೆಲ್ಸ ಮಾಡಕ್ಕಾಗುತ್ತಾ?" ಎಂದೆ.

ಕೊನೆಗೆ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ, ಕಳೆದ ತಿಂಗಳು ಅವರು ಹೊತ್ತ ಲೋಡುಗಳನ್ನೆಲ್ಲ ಬರೆಯಲು ಕೂತೆವು. ಇವರ ನೆನಪು ದೊಡ್ಡದು. ಯಾವ ಬುಧವಾರ ಯಾವ ಶೆಡ್ಡಿನಿಂದ ಏನು ಹತ್ತಿತು, ಯಾರು ಹಗ್ಗ ಬಿಗಿದರು, ಎಲ್ಲ ಹೇಳುತ್ತಾ ಹೋದರು. ನಾನು ಬರೆಯುತ್ತಾ ಹೋದೆ. ಇಪ್ಪತ್ತಮೂರು ಲೋಡು. ಅದರಲ್ಲಿ ಹದಿನಾಲ್ಕಡಿ ಗಾಡಿಗೆ ಹಿಡಿಯದೇ ಇದ್ದವು ಎರಡೇ: ಒಂದು ಉದ್ದನೆಯ ಶಾಫ್ಟು, ಇನ್ನೊಂದು ಯಾವುದೋ ಯಂತ್ರದ ಮುಚ್ಚಳ. ಉಳಿದವೆಲ್ಲ ಒಂದೋ ಎರಡೋ ಪೆಟ್ಟಿಗೆ. ಆದರೆ ಕೆಲವು ಪೆಟ್ಟಿಗೆಗಳು ಭಾರ. ಪ್ಲಾಸ್ಟಿಕ್ ಬಕೆಟ್ಟನ್ನೋ ಕಾರಿನ ಬಾಗಿಲ ಹಿಡಿಯನ್ನೋ ಅಚ್ಚೊತ್ತುವ ಉಕ್ಕಿನ ಗಟ್ಟಿಗೆ ಡೈ ಎನ್ನುತ್ತಾರೆ. ನೋಡಲು ಟೀವಿ ಡಬ್ಬದಷ್ಟಿರುತ್ತದೆ, ಎತ್ತಲು ಕ್ರೇನು ಬೇಕು.

"ಅಂದ್ರೆ ಉದ್ದ ಬೇಡ, ಗಟ್ಟಿತನ ಬೇಕು" ಎಂದೆ.

ಇವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಗಾಡಿ ತೊಳೆದವರಿಗೆ ಸ್ವಂತದ್ದು ಕಣ್ತುಂಬ ಇರಬೇಕು ಎನ್ನಿಸುವುದು ತಪ್ಪಲ್ಲ ಎಂದು ನನಗೂ ಅನ್ನಿಸಿತು. ಹಾಗಾಗಿ, "ಭಾನುವಾರ ಒಂದು ಸಲ ಪೀಣ್ಯದ ಗೇಟುಗಳನ್ನೆಲ್ಲ ಅಳೆದು ಬರಾಣ. ಆಮೇಲೆ ನೀವೇ ತೀರ್ಮಾನ ಮಾಡಿ" ಎಂದೆ.

ಆ ಭಾನುವಾರ ನನ್ನ ಬದುಕಿನ ಒಳ್ಳೆಯ ದಿನಗಳಲ್ಲೊಂದು. ಅಷ್ಟು ವರ್ಷ ಆ ಜಾಗದ ಅಂಚಿನಲ್ಲೇ ಇದ್ದರೂ ನಾವಿಬ್ಬರೂ ಒಟ್ಟಿಗೆ ಅಲ್ಲಿ ನಡೆದಿರಲಿಲ್ಲ. ನಾನು ಕಂಪನಿ ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅವರು ಲಾರಿಯ ಎತ್ತರದಿಂದ. ರಜೆಯ ದಿನ ಲೇತುಗಳ ಸದ್ದಿರಲಿಲ್ಲ. ಶೆಡ್ಡುಗಳ ಶಟರ್ ಇಳಿದಿದ್ದವು. ಕಬ್ಬಿಣದ ಸುರುಳಿ ಪುಡಿ ಮೋರಿಯ ಪಕ್ಕ ಬಿಸಿಲಿಗೆ ಹೊಳೆಯುತ್ತಿತ್ತು. ಇವರು ಟೇಪಿನ ಒಂದು ತುದಿ ಹಿಡಿಯುವರು, ನಾನು ಇನ್ನೊಂದು. ಬಟ್ಟೆ ಟೇಪು ಐದಡಿಯದ್ದು. ಗೇಟಿಗೆ ಮೂರು ಸಲ ಎತ್ತಿ ಇಡಬೇಕು. ಒಂದೊಂದು ಗೇಟಿನ ಮುಂದೆಯೂ ಇವರ ಬಳಿ ಒಂದು ಕಥೆ ಇತ್ತು. ಇಲ್ಲಿ ಒಂದು ಸಲ ಕನ್ನಡಿ ಒಡೆಯಿತು, ಇಲ್ಲಿ ತಿರುಗಿಸಲಾಗದೆ ಮುಖ್ಯರಸ್ತೆವರೆಗೂ ಹಿಮ್ಮುಖ ಹೋದೆ, ಇಲ್ಲಿಯ ವಾಚ್‌ಮನ್ ದಿನಾ ಟೀ ಕೊಡುತ್ತಿದ್ದರು, ಈಗಿಲ್ಲ.

ಒಂದು ತಿರುವಿನಲ್ಲಿ ಬೀಡಾ ಅಂಗಡಿಯವರೊಬ್ಬರು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದವರು ಓಡಿ ಬಂದರು.

"ಅಕ್ಕಾ, ರೋಡ್ ಅಗಲ ಮಾಡ್ತಾರಾ? ನಂದು ಎಷ್ಟು ಅಡಿ ಹೋಗುತ್ತೆ?"

"ಅಯ್ಯೋ ಇಲ್ಲ ಅಣ್ಣ, ನಾವು ಲಾರಿ ತಗೊಳ್ಳೋಕೆ ಅಳೀತಿದೀವಿ."

ಅವರು ನಂಬಲಿಲ್ಲ. "ಲಾರಿ ತಗೊಳ್ಳೋರು ರೋಡ್ ಯಾಕೆ ಅಳೀತಾರೆ? ನಿಜ ಹೇಳಿ ಅಕ್ಕ, ಮುಂದಿನ ಶೀಟ್ ಈಗಲೇ ಬೇಕಾದ್ರೆ ಬಿಚ್ತೀನಿ" ಎಂದು ಎರಡು ಟೀ ತಂದುಕೊಟ್ಟರು. ಎಷ್ಟು ಹೇಳಿದರೂ ಕಾಸು ಮುಟ್ಟಲಿಲ್ಲ. ಇವರು ಟೀ ಕುಡಿಯುತ್ತಾ ನಗು ತಡೆಯಲಾರದೆ ಅಲ್ಲೇ ಮೋರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಬಹಳ ದಿನಗಳ ಮೇಲೆ ಹಾಗೆ ನಕ್ಕಿದ್ದರು.

ನಾನು ಲೋಟ ಹಿಂದಿರುಗಿಸಿ ಬಂದೆ. ಇವರು ಇನ್ನೂ ಕೂತೇ ಇದ್ದರು. ನಗು ಇರಲಿಲ್ಲ.

"ಏಳಿ, ಇನ್ನೂ ನಾಲ್ಕನೇ ಹಂತ ಇದೆ."

"ಒಂಚೂರು ಇರು."

ಏಳಲು ಕೈ ಊರಿದರು, ಆಗಲಿಲ್ಲ. ಎರಡನೇ ಸಲ ನನ್ನ ಹೆಗಲು ಹಿಡಿದು ಎದ್ದರು. ಮುಖ ಬೆವತಿತ್ತು. ಏನಾಯಿತು ಎಂದರೆ ಏನಿಲ್ಲ ಎಂದರು. ಬಸ್ ಸ್ಟಾಪಿನಲ್ಲಿ ಕೂತಾಗ ನೆಲ ನೋಡಿಕೊಂಡು ಹೇಳಿದರು, ಸೊಂಟದಿಂದ ಶುರುವಾಗಿ ಎಡಗಾಲಿಗೆ ಇಳಿಯುವ ನೋವು ಎರಡು ವರ್ಷದಿಂದ ಇದೆ ಎಂದು.

"ಒಂದೊಂದ್ಸಲ ಆ ಕಾಲು ನಂದೇ ಅಲ್ಲ ಅನ್ಸುತ್ತೆ ಕಣೇ. ಕ್ಲಚ್ ಮೇಲೆ ಇದೆಯೋ ಇಲ್ವೋ ಗೊತ್ತಾಗಲ್ಲ, ಬಗ್ಗಿ ನೋಡ್ಬೇಕು."

ಸೀಟಿನ ಮೇಲೆ ಇವರು ಮಡಿಸಿ ಹಾಕಿಕೊಳ್ಳುತ್ತಿದ್ದ ಟವೆಲನ್ನು ನಾನು ವಾರಕ್ಕೊಮ್ಮೆ ಒಗೆದಿದ್ದೆ. ಬೆವರಿಗೆ ಎಂದುಕೊಂಡಿದ್ದೆ. ಎರಡು ವರ್ಷ ಸಾವಿರಾರು ಶರ್ಟಿನ ತಪ್ಪು ಹಿಡಿದವಳಿಗೆ ಪಕ್ಕದಲ್ಲಿ ಮಲಗಿದ್ದವರ ನೋವು ಕಾಣಲಿಲ್ಲವಲ್ಲ ಎಂದು ಬಹಳ ಬೇಸರವಾಯಿತು. ಬೈದೆ. ಆಮೇಲೆ ಅಲ್ಲೇ ಜನರ ಮಧ್ಯೆ ಇವರ ಕೈ ಹಿಡಿದುಕೊಂಡು ಕೂತೆ.

ಡಾಕ್ಟರು ಬೆನ್ನುಮೂಳೆಯ ಡಿಸ್ಕು ಜರುಗಿದೆ ಎಂದರು. ಭಾರ ಎತ್ತಬಾರದು, ಕುಲುಕಾಟ ಆಗಬಾರದು, ಎರಡು ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬಾರದು. ಹಿಂದಿರುಗುವಾಗ ಇವರು ಲಾರಿಯ ಮಾತೆತ್ತಲಿಲ್ಲ. ಎರಡು ದಿನದ ಮೇಲೆ, ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಇದೆಯಂತೆ ಎಂದರು. ಆ ದನಿ ನನಗೆ ಸಹಿಸಲಾಗಲಿಲ್ಲ.

"ಕೂತು ಹೇಳೋಕೆ ನೀವಿದ್ರೆ, ನಾನೇ ಓಡಿಸ್ತೀನಿ" ಎಂದೆ.

ಮಾತು ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಆಗ ನನಗೆ ನಲವತ್ತೊಂದು. ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿದವಳಲ್ಲ. ಇವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಒಲೆಯ ಕಡೆ ಕೈ ತೋರಿಸಿ, "ಸೊಪ್ಪು ಸೀದೋಯ್ತಾ ಅದೆ ನೋಡು" ಎಂದರು.

ಆದರೂ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕೆಲಸಕ್ಕೆ ಹೋಗುವ ಮೊದಲು ಬೆಳಗ್ಗೆ ಒಂದು ಗಂಟೆ. ಕಲಿಸುವವರು ನನ್ನ ವಯಸ್ಸಿನವರೇ ಒಬ್ಬ ಹೆಂಗಸು. ಲಾರಿ ಓಡಿಸಬೇಕು ಎಂದಾಗ ಅವರು ಹೇಳಿದರು: "ಏಳೂವರೆ ಟನ್ ಒಳಗಿನ ಗಾಡಿ ಆದ್ರೆ ಈ ಕಾರ್ ಲೈಸೆನ್ಸೇ ಸಾಕು ರೀ. ಗಾಡಿ, ಲೋಡು ಎಲ್ಲ ಸೇರಿ ಏಳೂವರೆ. ಅದಕ್ಕಿಂತ ದೊಡ್ಡದಾದ್ರೆ ಇನ್ನೊಂದು ಲೈಸೆನ್ಸ್, ಅದಕ್ಕೆ ಇನ್ನೂ ಕಾಯ್ಬೇಕು."

ಮನೆಗೆ ಬಂದು ಇದನ್ನು ಹೇಳಿದೆ. ಇವರು ತಲೆಯಾಡಿಸಿದರು, ಅಷ್ಟೇ. ಮಾರನೆಯ ದಿನ ಇವರೇ ಆರ್‌ಟಿಓ ಕಚೇರಿಗೆ ಹೋಗಿ, ಇಬ್ಬರು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡು ಬಂದದ್ದು ನನಗೆ ಆಮೇಲೆ ಗೊತ್ತಾಯಿತು. ಲೈಸೆನ್ಸ್ ಕೈಗೆ ಬಂದ ವಾರ, ಒಂದು ಖಾಲಿ ಮೈದಾನಕ್ಕೆ ಸ್ನೇಹಿತರ ಹಳೆಯ ಲಾರಿ ತರಿಸಿ ನನ್ನನ್ನು ಕೂರಿಸಿದರು. ಮೊದಲ ಪಾಠ: "ಹಿಂದಕ್ಕೆ ತಗಳಾವಾಗ ಇಡೀ ಗಾಡಿ ನೋಡ್ಬ್ಯಾಡ. ಹಿಂದಿನ್ ಚಕ್ರ ಮಾತ್ರ ನೋಡು. ಚಕ್ರ ಎಲ್ಲೋಯ್ತದೋ ಗಾಡಿ ಅಲ್ಲಿಗೇ ಓಯ್ತದೆ." ಒಂದು ತಿಂಗಳ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಇಟ್ಟಿಗೆಗಳ ಮಧ್ಯೆ ಹಿಂದಕ್ಕೆ, ಮುಂದಕ್ಕೆ. ಇಟ್ಟಿಗೆ ಬಿದ್ದಾಗ ಇವರು ಬೈಯಲಿಲ್ಲ, ಬಗ್ಗಲಾಗದಿದ್ದರೂ ಕಾಲಿನಲ್ಲಿ ತಳ್ಳಿ ಮತ್ತೆ ಜಾಗಕ್ಕೆ ಸೇರಿಸುತ್ತಿದ್ದರು.

ಎರಡನೇ ಸಲ ಶೋರೂಮಿಗೆ ಹೋದಾಗ ಅದೇ ಸೇಲ್ಸ್‌ನವರು ಇವರನ್ನು ಇಪ್ಪತ್ತಡಿ ಗಾಡಿಯ ಹತ್ತಿರ ಕರೆದುಕೊಂಡು ಹೊರಟರು. ಇವರು ಅಲ್ಲೇ ನಿಂತರು.

"ಅದು ಬ್ಯಾಡ ಸಾರ್. ಏಳೂವರೆ ಟನ್ ಒಳಗಿಂದು, ಹದಿನಾಲ್ಕಡಿದು ತೋರ್ಸಿ. ಓಡ್ಸೋರು ನಮ್ಮನೆಯೋರು. ಅವ್ರು ಕೂತು ನೋಡ್ಲಿ."

ಆ ಮಾತನ್ನು ನಾನು ಇವತ್ತೂ ಕೇಳಿಸಿಕೊಳ್ಳಬಲ್ಲೆ. ಮನೆಯಲ್ಲಿ ಇವರು ನನ್ನನ್ನು ಏಕವಚನದಲ್ಲೇ ಕರೆಯುವುದು. ಅವತ್ತು ಎಲ್ಲರ ಮುಂದೆ ಅವ್ರು ಎಂದರು.

ನಾನು ಹತ್ತಿ ಕೂತೆ. ನನ್ನ ಎತ್ತರ ಐದಡಿ ಒಂದಿಂಚು. ಮೊದಲನೆಯ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಬೇಕಾದರೆ ಸೀಟಿನ ತುದಿಗೆ ಜಾರಬೇಕಿತ್ತು. ಇವರು ನನ್ನ ಕೈಯಿಂದ ಟೇಪು ಇಸಿದುಕೊಂಡು, ಬಾಗಿಲ ಹೊರಗೆ ನಿಂತೇ ನನ್ನ ಮೊಣಕಾಲಿನಿಂದ ಪೆಡಲ್‌ವರೆಗೆ ಅಳೆದರು. ಪಕ್ಕದ ಇನ್ನೊಂದು ಗಾಡಿಯಲ್ಲಿ ಸೀಟು ಇನ್ನಷ್ಟು ಮುಂದಕ್ಕೆ ಬರುತ್ತಿತ್ತು, ಸ್ಟೀರಿಂಗ್ ಕೆಳಗಿಳಿಯುತ್ತಿತ್ತು, ಕ್ಲಚ್ ಹಗುರವಿತ್ತು. ಎಂಜಿನಿನ ಶಕ್ತಿ ಒಂದು ಕೈ ಕಡಿಮೆ. ಇವರು ಅದನ್ನೇ ತೋರಿಸಿ, "ಇದು" ಎಂದರು. ಘಾಟಿಯಲ್ಲಿ ಸ್ವಲ್ಪ ನಿಧಾನವಾಗುತ್ತದಲ್ಲ ಎಂದೆ. "ನಿಧಾನಕ್ಕೇ ಅತ್ತಾಣ" ಎಂದರು.

ಡ್ರೈವರ್ ಸೀಟು ಕುಲುಕನ್ನು ನುಂಗುವಂಥದ್ದು, ಕೆಳಗೆ ಸ್ಪ್ರಿಂಗಿನ ಮೇಲೆ ಆಡುತ್ತದೆ. ಪಕ್ಕದ ಸೀಟು ಮಾತ್ರ ಬರೀ ಬೆಂಚು.

"ಎಡಗಡೆಗೂ ಇಂಥದ್ದೇ ಸೀಟು ಬೇಕು" ಎಂದೆ.

"ಕಂಪನಿಯಿಂದ ಬರಲ್ಲ ಮೇಡಂ. ಯಾರೂ ಕೇಳಲ್ಲ."

"ನಾನು ಕೇಳ್ತಿದೀನಿ."

ಈ ಸಲ ಅವರು ನನ್ನ ಕಡೆ ನೋಡಿಯೇ ಉತ್ತರ ಹೇಳಿದರು. ಮೇಡಂ, ಬಾಡಿ ಕಟ್ಟುವ ಮೇಸ್ತ್ರಿಗಳನ್ನು ಕೇಳಿ, ಅವರು ಹಾಕಿಕೊಡಬಹುದು ಎಂದರು. ನಾವು ಹಿಂದಿನ ಡಬ್ಬವಿಲ್ಲದ, ಕ್ಯಾಬಿನ್ ಮತ್ತು ಚಕ್ರಗಳಷ್ಟೇ ಇರುವ ಗಾಡಿಯನ್ನು ಕಂತಿನ ಸಾಲದಲ್ಲಿ ಬುಕ್ ಮಾಡಿ ಬಂದೆವು.

ಬಾಡಿ ಕಟ್ಟುವ ಶೆಡ್ಡು ಊರ ಹೊರಗೆ ತುಮಕೂರು ರಸ್ತೆಯ ಪಕ್ಕದಲ್ಲಿತ್ತು. ಮೇಸ್ತ್ರಿಗೆ ಅರವತ್ತು ದಾಟಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ನನ್ನ ನೋಟ್‌ಬುಕ್ ಕೊಟ್ಟೆ: ಗೇಟುಗಳ ಅಳತೆ, ಲೋಡುಗಳ ಪಟ್ಟಿ, ನನ್ನ ಟಿಪ್ಪಣಿ. ಅವರು ನಿಂತಲ್ಲೇ ಎಲ್ಲ ಓದಿದರು.

"ಟೇಪ್ ಇಡ್ಕೊಂಡು ಬರೋರ ಜೊತೆ ಕೆಲ್ಸ ಆಸಾನ್ ಅಕ್ಕ. ಎಲ್ರೂ ಬಂದು ಬಣ್ಣ ಕೇಳ್ತಾರೆ" ಎಂದರು.

ಅವರಿಂದ ಕಲಿತದ್ದು ಬಹಳ. ಉಕ್ಕಿನ ಡಬ್ಬ ಕಟ್ಟಿದರೆ ಗಟ್ಟಿ, ಆದರೆ ಅದರ ತೂಕವೇ ನಮ್ಮ ಏಳೂವರೆ ಟನ್ನಿನಲ್ಲಿ ಒಂದು ಪಾಲು ತಿನ್ನುತ್ತದೆ. ಅಲ್ಯುಮಿನಿಯಂ ಹಾಕಿದರೆ ಅಷ್ಟು ತೂಕದ ಸಾಮಾನು ಹೆಚ್ಚು ಹೊರಬಹುದು. ಆದರೆ ನೆಲಕ್ಕೆ ಮಾತ್ರ ದಪ್ಪ ಉಕ್ಕೇ ಬೇಕು; ಡೈ ಇಟ್ಟ ಜಾಗ ತೆಳುವಾಗಿದ್ದರೆ ತಗ್ಗು ಬೀಳುತ್ತದೆ. ನೆಲದಲ್ಲಿ ಬೆಲ್ಟ್ ಕಟ್ಟಲು ಹನ್ನೆರಡು ಬಳೆ. ಬಾಗಿಲ ಬಾಯಿ ಒಳಗಿನ ಅಗಲದಷ್ಟೇ ಇರಬೇಕು, ಬಾಗಿಲು ಪೂರ್ತಿ ಹಿಂದಕ್ಕೆ ಮಡಚಿ ಪಕ್ಕಕ್ಕೆ ಅಂಟಬೇಕು. ವೈಟ್‌ಫೀಲ್ಡಿನ ಕಂಪನಿಗಳಿಗೆ ಕಂಪ್ಯೂಟರಿನ ಎತ್ತರದ ಬೀರುಗಳು ಹೋಗುತ್ತವೆ, ಅವನ್ನು ಮಲಗಿಸುವಂತಿಲ್ಲ. ಹಾಗಾಗಿ ಒಳಗಿನ ಎತ್ತರ ಏಳಡಿ. ಸೀಟಿನ ಹಿಂದೆ ಒಬ್ಬರು ಕಾಲು ಚಾಚುವಷ್ಟು ಹಲಗೆ.

ಎಡಗಡೆಯ ಸೀಟಿನ ವಿಷಯಕ್ಕೆ ಮೇಸ್ತ್ರಿ ಕಾರಣ ಕೇಳಿದರು. ನಾನು ಹೇಳಿದೆ. ಅವರು ಇವರ ಕಡೆ ನೋಡಿ, "ನಂಗೂ ಅದೇ ಬೀಮಾರಿ ಭಾಯಿ" ಎಂದು ತಮ್ಮ ಸೊಂಟದ ಪಟ್ಟಿ ತೋರಿಸಿದರು. ಹತ್ತು ದಿನದಲ್ಲಿ ಎಲ್ಲಿಂದಲೋ ಒಂದು ಬಸ್ಸಿನ ಸೀಟು ಹುಡುಕಿ ತಂದು, ಹೊಸ ಬಟ್ಟೆ ಹೊಲಿಸಿ ಕೂರಿಸಿದರು. ಇವರು ಅದರಲ್ಲಿ ಕೂತು ಎರಡು ಸಲ ಮೇಲೆ ಕೆಳಗೆ ಆಡಿ, "ಉಯ್ಯಾಲೆ ಇದ್ದಂಗದೆ" ಎಂದು ಚಿಕ್ಕ ಮಗುವಿನ ಹಾಗೆ ನನ್ನನ್ನು ನೋಡಿದರು.

ಗಾಡಿ ಬಂತು. ಗಾರ್ಮೆಂಟ್ಸ್ ಕೆಲಸ ಬಿಟ್ಟೆ. ಕಡೆಯ ದಿನ ನನ್ನ ಲೈನಿನ ಹೆಂಗಸರೆಲ್ಲ ಗೇಟಿನ ಹೊರಗೆ ಬಂದು ಲಾರಿಯನ್ನು ಮುಟ್ಟಿ ನೋಡಿ, ಗಾಜಿಗೆ ಕುಂಕುಮ ಇಟ್ಟು ಹೋದರು.

ಮೊದಲ ಮೂರು ವಾರ ಲೋಡಿದ್ದಾಗ ಇವರೇ ಓಡಿಸಿದರು. ಖಾಲಿ ಬರುವಾಗ ನನಗೆ ಕೊಡುತ್ತಿದ್ದರು. ಹೇಳಿದರೆ ಕೇಳುತ್ತಿರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಮೈಯಿಂದ ಬಿಡುವುದು ಸುಲಭವಲ್ಲ. ನಾಲ್ಕನೇ ವಾರ ಒಂದು ಮಧ್ಯಾಹ್ನ ಪೀಣ್ಯದಿಂದ ಕಾಡುಗೋಡಿಯ ಆಚೆಯ ಒಂದು ಫ್ಯಾಕ್ಟರಿಗೆ ಡೈ ಹೊತ್ತು ಹೊರಟೆವು. ಅಲ್ಲಿ ಬೆಳಗ್ಗೆಯಿಂದ ಕೆಲಸ ನಿಂತಿತ್ತು. ಅರ್ಧ ಗಂಟೆಗೊಮ್ಮೆ ಫೋನು. ಹೆಬ್ಬಾಳ ದಾಟಿ, ಕೆ.ಆರ್. ಪುರದ ಹತ್ತಿರ ಗಾಡಿಗಳು ಇಂಚಿಂಚೇ ಜರುಗುತ್ತಿದ್ದವು. ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಇವರ ಮಾತು ನಿಂತಿತು. ನೋಡಿದರೆ ಎಡತೊಡೆಯನ್ನು ಕೈಯಿಂದ ಒತ್ತಿ ಹಿಡಿದಿದ್ದರು. ಗಾಡಿ ಒಮ್ಮೆ ಜಗ್ಗಿ ಆಫ್ ಆಯಿತು. ಹಿಂದಿನವರೆಲ್ಲ ಹಾರನ್ನು. ಇವರು ಮತ್ತೆ ಸ್ಟಾರ್ಟ್ ಮಾಡಿ, ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದರು.

"ಕಾಲಿಲ್ಲ ಕಣೇ" ಎಂದರು.

ನಾನು ಇಳಿದು, ಸುತ್ತು ಹಾಕಿ ಬಲಗಡೆ ಬಂದೆ. ಇವರು ಒಳಗೊಳಗೇ ಎಡಕ್ಕೆ ಜರುಗಿದರು. ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಹಿಂದೆ ಎರಡು ಟನ್ ಉಕ್ಕು. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಇರುವ ವ್ಯತ್ಯಾಸ ಮೊದಲ ಬ್ರೇಕಿಗೇ ತಿಳಿಯಿತು. ನಿಲ್ಲು ಎಂದರೆ ಅದು ಒಂದು ಕ್ಷಣ ಯೋಚಿಸಿ ನಿಲ್ಲುತ್ತದೆ. ಇವರು ಮೊದಲ ಐದು ನಿಮಿಷ ಎಡಕ್ಕೆ, ನಿಧಾನ, ಬಿಡು ಎನ್ನುತ್ತಿದ್ದರು. ಆಮೇಲೆ, ಅಷ್ಟು ನೋವಿನಲ್ಲೂ ಮುಖವನ್ನು ಎಡಗಡೆಯ ಕಿಟಕಿಗೆ ತಿರುಗಿಸಿ, ನನ್ನನ್ನಾಗಲಿ ರಸ್ತೆಯನ್ನಾಗಲಿ ನೋಡದೆ ಅಂಗಡಿಗಳನ್ನು ನೋಡುತ್ತಾ ಕೂತರು. ನಾನು ಹೆದರಬಾರದೆಂದು ಹಾಗೆ ಮಾಡಿದ್ದು.

ಫ್ಯಾಕ್ಟರಿ ತಲುಪಿದಾಗ ಗೇಟಿನವರು ಕ್ಯಾಬಿನ್ನಿಗೆ ಇಣುಕಿ, "ಡ್ರೈವರ್ ಎಲ್ಲಿ?" ಎಂದರು. "ನಾನೇ ಅಣ್ಣ" ಎಂದೆ. ಒಳಗೆ ಸಾಮಾನು ಇಳಿಸುವ ಕಟ್ಟೆಗೆ ಗಾಡಿಯನ್ನು ಹಿಮ್ಮುಖವಾಗಿ ತಂದು ಕೂಡಿಸಬೇಕು. ಎರಡೂ ಕಡೆ ಕಂಬ. ಮೊದಲ ಸಲ ಓರೆಯಾಯಿತು. ಎರಡನೇ ಸಲ ಇನ್ನೂ ಓರೆಯಾಯಿತು. ಕಾಯುತ್ತಿದ್ದ ಸೂಪರ್‌ವೈಸರ್ ಗಡಿಯಾರ ನೋಡಿದರು.

"ಟೈಮ್ ಇಲ್ಲ. ನಮ್ಮ ಡ್ರೈವರ್ ಕರೀಲಾ?"

ಇವರು ಅಷ್ಟರಲ್ಲಿ ಇಳಿದು, ಗೋಡೆ ಹಿಡಿದುಕೊಂಡು ನಿಂತಿದ್ದರು. "ಬ್ಯಾಡ ಸಾರ್" ಎಂದರು. "ಈ ಗಾಡಿ ಅವ್ರ ಅಳತೆಗೆ ಮಾಡ್ಸಿರೋದು. ಅವ್ರೇ ತತ್ತಾರೆ."

ಮೂರನೇ ಸಲ ಹಿಂದಿನ ಚಕ್ರ ಮಾತ್ರ ನೋಡಿದೆ. ಗಾಡಿ ಕಟ್ಟೆಗೆ ಮೆತ್ತಗೆ ತಾಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಾಗಿಲು ಮಡಚಿದರು, ಫೋರ್ಕ್‌ಲಿಫ್ಟ್ ಒಳಗೆ ಬಂತು, ಡೈ ಹೊರಟುಹೋಯಿತು. ಇವರು ಕಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ನೋವಿಗೋ ಏನೋ. ನಾನು ಸೀರೆಯ ಸೆರಗಿನಿಂದ ಅವರ ಮುಖ ಒರೆಸಿ ನೆಟ್ಟಗೆ ಆಸ್ಪತ್ರೆಗೆ ಗಾಡಿ ತಿರುಗಿಸಿದೆ.

ಆಪರೇಷನ್ ಬೇಕಾಗಲಿಲ್ಲ. ಆದರೆ ಒಂದೂವರೆ ತಿಂಗಳು ಮನೆಯಲ್ಲೇ ಇರಬೇಕಾಯಿತು. ನಾನೊಬ್ಬಳೇ ನೆಲಮಂಗಲ, ದಾಬಸ್‌ಪೇಟೆ ಕಡೆಯ ಸಣ್ಣ ಲೋಡುಗಳನ್ನು ತೆಗೆದುಕೊಂಡೆ. ಮಧ್ಯಾಹ್ನ ಫೋನು ಬರುತ್ತಿತ್ತು. ಗಾಡಿ ಹೇಗಿದೆ ಎಂದು ಕೇಳುತ್ತಾರೆ ಎಂದುಕೊಂಡರೆ, "ಬಸ್ಸಾರಿಗೆ ಉಣಸೆಹಣ್ಣು ಎಷ್ಟು ಆಕ್ಲಿ?" ಎನ್ನುತ್ತಿದ್ದರು. ನಾನು ಮನೆಗೆ ಬರುವ ಹೊತ್ತಿಗೆ ಮುದ್ದೆ ಸಾರು ಸಿದ್ಧ. ಮೊದಮೊದಲು ಮುದ್ದೆಯಲ್ಲಿ ಗಂಟು. ಆಮೇಲಾಮೇಲೆ ನನ್ನದಕ್ಕಿಂತ ನಯವಾಗಿರುತ್ತಿತ್ತು.

ನಾವು ಆರಿಸಿದ್ದೆಲ್ಲ ಸರಿಯಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕ್ಯಾಬಿನ್ನಿನ ತಗಡು ಬೇಸಿಗೆಯಲ್ಲಿ ಕಾದ ಹೆಂಚು, ಏಸಿ ಬೇಡ ಎಂದವಳು ನಾನೇ. ನೀರಿನ ಕ್ಯಾನ್ ಇಡಲು ಜಾಗ ಬಿಡುವುದನ್ನು ಇಬ್ಬರೂ ಮರೆತಿದ್ದೆವು. ಎಡಗಡೆಯ ಮೆಟ್ಟಿಲು ಇವರ ಕಾಲಿಗೆ ಎತ್ತರವಾಯಿತು. ಮೇಸ್ತ್ರಿ ಇನ್ನೊಂದು ಮೆಟ್ಟಿಲು ಬೆಸೆದುಕೊಟ್ಟರು. ಉದ್ದನೆಯ ಶಾಫ್ಟು ಬಂದಾಗಲೆಲ್ಲ ಆಗುವುದಿಲ್ಲ ಎಂದು ಹೇಳಬೇಕಾಗುತ್ತದೆ. ಆಗ ಇವರ ಮುಖ ಸ್ವಲ್ಪ ಸಣ್ಣದಾಗುತ್ತದೆ.

ಈಗ ಊರೊಳಗೆ ಪೂರ್ತಿ ನನ್ನದೇ. ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಇವರು, ಆಮೇಲೆ ನಾನು. ಇವರಿಗೆ ಗೊತ್ತಿರುವ ದಾರಿ, ಜನ, ಹಗ್ಗದ ಗಂಟು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಲೋಡು ಕಟ್ಟಿಸುವುದನ್ನು ಇವರೇ ನಿಂತು ನೋಡುತ್ತಾರೆ. ಇಬ್ಬರು ಸೇರಿ ಒಬ್ಬ ಒಳ್ಳೆಯ ಡ್ರೈವರ್ ಆಗಿದ್ದೇವೆ ಎಂದು ಮಗಳು ತಮಾಷೆ ಮಾಡುತ್ತಾಳೆ.

ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಗೆ ಒಂದು ಯಂತ್ರದ ಭಾಗ ಕೊಟ್ಟು ಬರುತ್ತಿದ್ದೆವು. ಬೆಳಗಿನ ಹತ್ತು ಗಂಟೆ. ಗೇಟಿನ ಹೊರಗೆ ಇವರು ಕಿತ್ತಳೆಹಣ್ಣು ಕೊಂಡಿದ್ದರು. ಮೇಲ್ಸೇತುವೆಗೆ ಹತ್ತುವ ಮೊದಲು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಒಂದೊಂದು ತೊಳೆ ಬಿಡಿಸಿ, ಬೀಜ ತೆಗೆದು, ನನ್ನ ಎಡಗೈಗೆ ಇಡುತ್ತಿದ್ದರು.

"ಹುಳಿ ಇದೆ ಕಣ್ರೀ."

"ಇದು ಸಿಹಿ ಅದೆ, ತಗೋ" ಎಂದು ಇನ್ನೊಂದು ತೊಳೆಯ ತುದಿ ಕಚ್ಚಿ ನೋಡಿ ಕೊಟ್ಟರು.

ಸೇತುವೆ ಹತ್ತಿದ ಮೇಲೆ ಸಿಗ್ನಲ್ ಇಲ್ಲ. ಕೈ ಚಾಚಿದೆ, ತೊಳೆ ಬರಲಿಲ್ಲ. ತಿರುಗಿ ನೋಡಿದರೆ ಅರ್ಧ ಸುಲಿದ ಹಣ್ಣು ತೊಡೆಯ ಮೇಲಿತ್ತು, ತಲೆ ಕಿಟಕಿಗೆ ವಾಲಿತ್ತು. ಲಾರಿ ಓಡುತ್ತಿರುವಾಗ ನಮ್ಮ ಯಜಮಾನರು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಡಿವಾಳದವರೆಗೂ ನಾನು ಹಾರನ್ ಮುಟ್ಟಲಿಲ್ಲ.